ಮೇಲಿನ ಮೆಟ್ಟಿಲ ಕತ್ತೆಗಳು

ಈ ಜನ್ಮದಲ್ಲಿ ನಾನು ಮಾಡಿದ ಒಂದೇ ಒಂದು ದೊಡ್ಡ ಕಲಾಕೃತಿಗೆ ಎನ್.ಆರ್. ಕಾಲೋನಿಯ ನಮ್ಮ ಬೀದಿಯ ಹೆಂಗಸರು ಎರಡನೇ ಬಹುಮಾನ ಕೊಟ್ಟರು. ಮೊದಲನೆಯದು ಮೂಲೆಮನೆಯವರು ಥರ್ಮೋಕೋಲಿನಲ್ಲಿ ಮಾಡಿದ್ದ ತಿರುಪತಿ ಬೆಟ್ಟಕ್ಕೆ ಹೋಯಿತು. ಆ ಬೆಟ್ಟದ ಮೇಲೆ ಬಲ್ಬುಗಳು ಹತ್ತಿ ಆರುತ್ತಿದ್ದವು. ನನ್ನದರಲ್ಲಿ ಬಲ್ಬು ಇರಲಿಲ್ಲ, ಬರೀ ನನ್ನ ಹೃದಯ ಇತ್ತು. ಬಹುಮಾನವಾಗಿ ಬಂದ ಸ್ಟೀಲ್ ಡಬ್ಬಿಯಲ್ಲಿ ಅಮ್ಮ ಸಾರಿನ ಪುಡಿ ತುಂಬಿಟ್ಟಳು.

ಎಂಬತ್ತರ ದಶಕದ ಮೊದಲ ವರ್ಷಗಳು ಅವು. ನಾನು ಚಾಮರಾಜಪೇಟೆಯ ಒಂದು ಮಿಡ್ಲ್ ಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ವಯಸ್ಸು ಮೂವತ್ತರ ಹತ್ತಿರ, ಮದುವೆಯಾಗಿರಲಿಲ್ಲ. ಯಾಕೆ ಆಗಿಲ್ಲ ಎಂದು ಕೇಳುವವರಿಗೆ ಕೊಡಲು ನನ್ನ ಬಳಿ ಐದಾರು ಉತ್ತರಗಳಿದ್ದವು, ಒಂದೂ ನಿಜವಲ್ಲ. ನನ್ನ ಮನಸ್ಸು ಗಂಡಸರ ಕಡೆಗೇ ಹೋಗುತ್ತಿತ್ತು ಎಂಬುದು ನಿಜ. ಅದನ್ನು ಹೇಳಲು ನನಗೆ ಗೊತ್ತಿದ್ದ ಒಂದೆರಡು ಪದಗಳು ಬೈಯಲಿಕ್ಕೆ ಮಾತ್ರ ಉಪಯೋಗಕ್ಕೆ ಬರುವಂಥವು. ತನ್ನ ಪರಿಚಯವನ್ನು ತಾನೇ ಬೈಗುಳದಲ್ಲಿ ಮಾಡಿಕೊಡುವುದು ಹೇಗೆ ಎಂದು ಸುಮ್ಮನಿದ್ದೆ.

ಬೈಗುಳದ ಮಾತು ಬಂತಲ್ಲ, ಪ್ರಾಣಿಗಳ ಜೊತೆ ನನ್ನ ನೆಂಟಸ್ತಿಕೆಯೂ ಅಲ್ಲಿಂದಲೇ ಶುರುವಾದದ್ದು. ಎಪ್ಪತ್ತರ ಆಸುಪಾಸಿನಲ್ಲಿ ನಾನು ಹೈಸ್ಕೂಲಿನಲ್ಲಿದ್ದಾಗ ಲೆಕ್ಕದ ಮೇಷ್ಟ್ರಿಗೆ ನಾನು ಕತ್ತೆ. ಊಟಕ್ಕೆ ಒಂದು ಗಂಟೆ ತೆಗೆದುಕೊಳ್ಳುತ್ತಿದ್ದುದರಿಂದ ಅಮ್ಮನಿಗೆ ಎಮ್ಮೆ. ಯಾರಾದರೂ ಮಾತನಾಡಿಸಿದರೆ ಕಣ್ಣುಕಣ್ಣು ಬಿಡುತ್ತಿದ್ದುದರಿಂದ ಅಪ್ಪನಿಗೆ ಗೂಬೆ. ನಾನು ಓಡುವ ಚಂದ ನೋಡಿ ಡ್ರಿಲ್ ಮೇಷ್ಟ್ರು ಬಾತುಕೋಳಿ ಎಂದು ಹೆಸರಿಟ್ಟರು, ಅದನ್ನು ಇಡೀ ತರಗತಿ ಎರಡು ವರ್ಷ ಕೂಗಿತು. ಉಳಿದ ಹುಡುಗರಿಗೂ ಇಂಥವೇ ಬೀಳುತ್ತಿದ್ದವು, ಅವರು ಮೈ ಕೊಡವಿಕೊಂಡು ಆಡಲು ಹೋಗುತ್ತಿದ್ದರು. ನಾನು ಮಾತ್ರ ಗಂಭೀರವಾಗಿ ತೆಗೆದುಕೊಂಡು, ಶಾಲೆಯ ಗೋಡೆಯಾಚೆ ನಿಂತಿರುತ್ತಿದ್ದ ಅಗಸರ ಎರಡು ಕತ್ತೆಗಳನ್ನು ನೋಡಲು ಹೋದೆ, ರಜೆಯಲ್ಲಿ ಸೋದರಮಾವಂದಿರನ್ನು ನೋಡಲು ಹೋಗುವ ಹಾಗೆ.

ಅವು ಮಧ್ಯಾಹ್ನವೆಲ್ಲ ಹಾಗೇ ನಿಂತಿರುತ್ತಿದ್ದವು. ಒಂದರ ಬೆನ್ನಿನ ಮೇಲೆ ಇನ್ನೊಂದರ ಕತ್ತು, ಒಂದರ ಮುಖದ ಕಡೆ ಇನ್ನೊಂದರ ಬಾಲ. ಎರಡೂ ಗಂಡು. ಇದನ್ನು ನಾನು ಬಗ್ಗಿ ನೋಡಿ ಖಚಿತಪಡಿಸಿಕೊಂಡಿದ್ದೆ. ಯಾರೂ ಅವನ್ನು ಏನೂ ಅನ್ನುತ್ತಿರಲಿಲ್ಲ. ಕತ್ತೆಗಳಿಗಿರುವ ಸೌಕರ್ಯ ನನಗಿಲ್ಲವಲ್ಲ ಅನ್ನಿಸಿ ಗೋಡೆಗೆ ಒರಗಿ ಅತ್ತುಬಿಟ್ಟೆ. ಅಳುತ್ತಲೇ, ಇದರ ಚಿತ್ರ ಬರೆದರೆ ಎಷ್ಟು ಚೆನ್ನಾಗಿರುತ್ತದೆ ಎಂದೂ ಅಂದುಕೊಂಡೆ. ನನ್ನ ಚಾಳಿ ಅಲ್ಲಿಂದಲೇ ಹಿಡಿದದ್ದು. ಏನಾದರೂ ಮಾಡಬೇಕಾಗಿ ಬಂದಾಗ ನಾನು ಅದನ್ನು ಮಾಡುವುದಿಲ್ಲ, ಅದರ ಚಿತ್ರ ಬರೆಯುತ್ತೇನೆ.

ಕಾಂಪೌಂಡರ್ ನನಗೆ ಸಿಕ್ಕಿದ್ದೂ ಕತ್ತೆಯ ದೆಸೆಯಿಂದಲೇ. ನಾನು ಮೇಷ್ಟ್ರಾದ ನಾಲ್ಕನೇ ವರ್ಷ ನಮ್ಮ ಸ್ಕೂಲಿನ ಹಿಂದಿನ ಮೋರಿಗೆ ಒಂದು ಕತ್ತೆ ಬಿತ್ತು. ದನದ ಆಸ್ಪತ್ರೆಯಿಂದ ಸೈಕಲ್ಲಿನಲ್ಲಿ ನನ್ನದೇ ವಯಸ್ಸಿನ ಕಾಂಪೌಂಡರ್ ಒಬ್ಬ ಬಂದ, ಪ್ಯಾಂಟು ಮಡಚಿಕೊಂಡು ಮೋರಿಗೆ ಇಳಿದ. ನಾನು ಮೇಲೆ ನಿಂತು ಸ್ಕೆಚ್ ಮಾಡುತ್ತಿದ್ದೆ. ಅವನು ತಲೆ ಎತ್ತಿ ನೋಡಿ, "ಮೇಷ್ಟ್ರೇ, ಚಿತ್ರ ಆಮೇಲೆ ಬರೀರಿ. ಈಗ ಹಗ್ಗ ಹಿಡೀರಿ" ಅಂದ. ಹಿಡಿದೆ. ಅಂಗೈ ಚರ್ಮ ಕಿತ್ತುಬಂತು. ಕತ್ತೆಗೆ ಹಚ್ಚಿ ಉಳಿದ ಮುಲಾಮನ್ನೇ ಅವನು ನನ್ನ ಕೈಗೂ ಹಚ್ಚಿದ. ಅದಕ್ಕೆ ಬೇವಿನೆಣ್ಣೆಯ ವಾಸನೆ ಇತ್ತು. ಆ ಕೈಯನ್ನು ನಾನು ಎರಡು ದಿನ ಸರಿಯಾಗಿ ತೊಳೆಯಲಿಲ್ಲ ಎಂಬುದನ್ನು ಈ ವಯಸ್ಸಿನಲ್ಲಿ ಒಪ್ಪಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಅವನ ಮನೆಯವರದು ಚಾಮರಾಜಪೇಟೆಯಲ್ಲಿ ತರಕಾರಿ ವ್ಯಾಪಾರ. ಮನೆ ತುಂಬ ಜನ, ಹಾಗಾಗಿ ಅವನು ಬಳೇಪೇಟೆಯಲ್ಲಿ ಬಳೆ ಅಂಗಡಿಯೊಂದರ ಮೇಲೆ ರೂಮು ಮಾಡಿಕೊಂಡಿದ್ದ. ಭಾನುವಾರಗಳಂದು ನಾವಿಬ್ಬರೂ ಔಷಧಿ ಚೀಲ ಹಿಡಿದು ಬೀದಿನಾಯಿಗಳ ಗಾಯ ತೊಳೆಯುತ್ತ ಅಲೆಯುತ್ತಿದ್ದೆವು. ಪ್ರೇಮಿಗಳಿಗೆ ಲಾಲ್‌ಬಾಗ್ ಇದೆ, ನಮಗೆ ಮಾಂಸದಂಗಡಿಯ ಹಿಂದುಗಡೆ. ಮೂರು ವರ್ಷ ಹೀಗೆ ಕಳೆಯಿತು. ಅವನು ನನ್ನನ್ನು ಮೇಷ್ಟ್ರೇ ಎನ್ನುವುದನ್ನು ಬಿಡಲಿಲ್ಲ, ಆದರೆ ಬಹುವಚನವನ್ನು ಮೊದಲ ತಿಂಗಳಲ್ಲೇ ಬಿಟ್ಟಿದ್ದ. ಗುರುವಾರಗಳಂದು ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದ. ಅಮ್ಮ ಅವನಿಗೆ ಬಡಿಸುವಾಗ ನನಗಿಂತ ಒಂದು ಚಮಚ ತುಪ್ಪ ಹೆಚ್ಚು ಹಾಕುತ್ತಿದ್ದಳು, ಕೈಯಲ್ಲಿ ಕೆಲಸ ಇರುವ ಹುಡುಗ ಎಂದು ಹೇಳುತ್ತಿದ್ದಳು. ನನ್ನ ಕೈಯಲ್ಲಿ ಏನಿದೆ ಎಂದು ಅವಳು ಯಾವತ್ತೂ ಹೇಳಲಿಲ್ಲ.

ಆ ವರ್ಷ ಗಣೇಶನ ಹಬ್ಬ ಮುಗಿದ ವಾರ ಅವನ ಅಣ್ಣ ಅವನಿಗೆ ಒಂದು ಹೆಣ್ಣು ನೋಡಿದ. ದಸರಾ ಕಳೆದ ಮರುದಿನ ಮಾತು ಕೊಡಬೇಕು ಎಂದು ಹೇಳಿದ. ಕಾಂಪೌಂಡರ್ ಬಳೇಪೇಟೆಯ ರೂಮಿನಲ್ಲಿ ಸ್ಟೌವಿಗೆ ಪಂಪು ಹೊಡೆಯುತ್ತ ನನಗೆ ಈ ವಿಷಯ ತಿಳಿಸಿದ.

"ನಿಮ್ಮ ಮಹಡಿ ಮೇಲಿನ ರೂಮು ಖಾಲಿ ಇದೆಯಲ್ಲ ಮೇಷ್ಟ್ರೇ, ನಿಮ್ಮಮ್ಮನ್ನ ಕೇಳು" ಅಂದ. "ಬಾಡಿಗೆಗೆ ಅಂತ ಕೇಳ್ಬೇಡ. ನಾನು ನಿನಗೆ ಯಾರು ಅಂತ ಹೇಳಿ ಕೇಳು. ಅವರು ಹೂಂ ಅಂದ್ರೆ ನಾನು ನಮ್ಮಣ್ಣಂಗೆ ಆಗಲ್ಲ ಅಂತ ಹೇಳ್ತೀನಿ. ನನ್ನ ಬೆನ್ನಿಗೆ ಒಂದು ಮನೆ ಇದೆ ಅಂತ ಗೊತ್ತಿಲ್ದೆ ಹೇಳೋ ಧೈರ್ಯ ನನಗಿಲ್ಲ."

"ಯಾವಾಗ ಕೇಳ್ಲಿ?"

"ವಿಜಯದಶಮಿ ಸಾಯಂಕಾಲ ಬರ್ತೀನಿ. ಅಷ್ಟರಲ್ಲಿ ಕೇಳಿರು."

ಎರಡು ವಾಕ್ಯದ ಕೆಲಸ. ಅಮ್ಮ ಅಡುಗೆಮನೆಯಲ್ಲಿ ಇರುತ್ತಿದ್ದಳು, ನಾನು ನಡುಮನೆಯಲ್ಲಿ. ಮಧ್ಯೆ ಒಂದು ಹೊಸ್ತಿಲು. ನಾನು ಆ ಹೊಸ್ತಿಲು ದಾಟುವುದನ್ನು ಬಿಟ್ಟು ಮೂರು ವಾರ ಹಳೇ ಪೇಪರು ನೆನೆಹಾಕಿದೆ.

ಇಲ್ಲಿ ನಮ್ಮ ಮನೆಯ ಗೊಂಬೆಗಳ ಬಗ್ಗೆ ಹೇಳಬೇಕು. ದಸರೆಯಲ್ಲಿ ಗೊಂಬೆ ಕೂರಿಸುವುದು ನಮ್ಮ ಬೀದಿಯಲ್ಲಿ ಹಬ್ಬವೂ ಹೌದು, ಯುದ್ಧವೂ ಹೌದು. ಬಿಳಿ ಪಂಚೆ ಹಾಸಿದ ಮೆಟ್ಟಿಲು, ಎಲ್ಲಕ್ಕಿಂತ ಮೇಲೆ ಪಟ್ಟದ ಗೊಂಬೆಗಳು, ಅಂದರೆ ಮದುವೆಯಲ್ಲಿ ಹೆಣ್ಣಿಗೆ ತವರಿನಿಂದ ಬರುವ ರಾಜ-ರಾಣಿಯ ಜೋಡಿ. ಅದರ ಕೆಳಗೆ ದೇವರುಗಳು, ಇನ್ನೂ ಕೆಳಗೆ ಶೆಟ್ಟರ ಅಂಗಡಿ, ಪೊಲೀಸು, ಕ್ರಿಕೆಟ್ ಆಡುವವರು. ಅಮ್ಮ ಇದರಲ್ಲಿ ದೊಡ್ಡ ಹೆಸರು ಮಾಡಿದವಳು. ಅಪ್ಪ ತೀರಿಕೊಂಡ ಮೇಲೆ ಅವಳು ಮುಂದೆ ಬರುವುದು ನಿಂತಿತು. ಬಂದವರಿಗೆ ಅರಿಶಿನ ಕುಂಕುಮ ಕೊಡುವುದಕ್ಕೆ, ಆರತಿ ಎತ್ತುವುದಕ್ಕೆ ಎದುರುಮನೆಯವರು ಬರುತ್ತಿದ್ದರು. ಅಮ್ಮ ಅಡುಗೆಮನೆಯ ಬಾಗಿಲ ಹಿಂದೆ ನಿಂತು ಕಡಲೆಕಾಳಿನ ಉಸಲಿ ಕಟ್ಟಿಕೊಡುತ್ತಿದ್ದಳು. ಒಮ್ಮೆ ಕೂರಿಸಿದ ಮನೆಯಲ್ಲಿ ನಿಲ್ಲಿಸಬಾರದು ಎಂಬ ಕಾರಣಕ್ಕೆ ಗೊಂಬೆ ಜೋಡಿಸುವ ಕೆಲಸ ನನ್ನ ಪಾಲಿಗೆ ಬಂತು. ನಾನು ಸೀರೆಯ ನೆರಿಗೆ ಹಿಡಿಯುವುದನ್ನು, ರಾಣಿಗೆ ಮುತ್ತಿನ ಜಡೆ ಹೆಣೆಯುವುದನ್ನು ನೋಡಿ ಹೆಂಗಸರು, "ಹೆಣ್ಣು ಮಗು ಇಲ್ಲದ ಕೊರತೆ ತೀರಿಸಿಬಿಟ್ಟ ನೋಡ್ರಿ" ಎನ್ನುತ್ತಿದ್ದರು. ಇದು ಹೊಗಳಿಕೆಯೋ ಬೈಗುಳವೋ ಎಂದು ನಾನು ಪ್ರತಿ ವರ್ಷ ಯೋಚಿಸಿದ್ದೇನೆ. ಪ್ರತಿ ವರ್ಷ ಜಡೆಯನ್ನು ಇನ್ನಷ್ಟು ಚೆನ್ನಾಗಿ ಹೆಣೆದಿದ್ದೇನೆ.

ಕಂಟೋನ್ಮೆಂಟಿನ ಕಡೆ ವಿದೇಶಿ ಮ್ಯಾಗಜೀನುಗಳು ಸಿಗುವ ಒಂದು ರೀಡಿಂಗ್ ರೂಮು ಇತ್ತು. ಅಲ್ಲಿ ನಾನು ಇನ್‌ಸ್ಟಲೇಷನ್ ಎಂಬ ಪದ ಕಲಿತೆ. ಒಂದು ಕೋಣೆಯನ್ನು ತುಂಬಿಸಿಟ್ಟು, ನೋಡುವವರನ್ನು ಒಳಗೆ ನಡೆಸಿ, ನನ್ನ ಎದೆಯಲ್ಲಿ ಇದ್ದದ್ದು ಇದೇ ಅಂದರೆ ಅದು ಕಲೆ. ಮಾತೇ ಬೇಡ. ಬಾಯಿ ಬಿಡಲು ಹೆದರುವವನಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಏನಿದೆ? ಅಮ್ಮನಿಗೆ ಹೇಳಬೇಕಾದದ್ದನ್ನು ನಾನು ನಡುಮನೆಯಲ್ಲಿ ಕಟ್ಟಿ ನಿಲ್ಲಿಸುತ್ತೇನೆ, ಅವಳು ನೋಡುತ್ತಾಳೆ, ಅವಳಿಗೆ ಅರ್ಥವಾಗುತ್ತದೆ, ಕಣ್ಣೀರು ಒರೆಸಿಕೊಂಡು ಮಹಡಿ ರೂಮಿನ ಬೀಗದ ಕೈ ಕೊಡುತ್ತಾಳೆ. ಯೋಜನೆ ಇಷ್ಟೇ.

ಬಿದಿರಿನ ಕಡ್ಡಿ, ನೆನೆದ ಕಾಗದ, ಮೆಂತ್ಯದ ಹಿಟ್ಟು. ಇಷ್ಟರಲ್ಲಿ ಪ್ರಾಣಿಗಳನ್ನು ಮಾಡಿದೆ. ಮುದ್ದಾದವು ಯಾವುವೂ ಇರಲಿಲ್ಲ. ಒಕ್ಕಣ್ಣಿನ ನಾಯಿ, ಹೆಗ್ಗಣ, ಬಾವಲಿ, ಕಾಗೆ, ಬೆನ್ನು ಹುಣ್ಣಾದ ಎಮ್ಮೆ, ಗೂಬೆ, ಬಾತುಕೋಳಿ. ಯಾರನ್ನು ಮನೆಯೊಳಗೆ ಬಿಡುವುದಿಲ್ಲವೋ, ಯಾರ ಹೆಸರಿನಲ್ಲಿ ಮಕ್ಕಳನ್ನು ಬೈಯುತ್ತಾರೋ ಅವರೆಲ್ಲ. ದೇವರುಗಳನ್ನು ಟ್ರಂಕಿನಲ್ಲೇ ಉಳಿಸಿ ಮೆಟ್ಟಿಲಿನ ಮೇಲೆ ಇವರನ್ನು ಕೂರಿಸಿದೆ. ಎಲ್ಲಕ್ಕಿಂತ ಮೇಲೆ ಎರಡು ಗಂಡು ಕತ್ತೆಗಳು, ಒಂದರ ಬೆನ್ನಿನ ಮೇಲೆ ಇನ್ನೊಂದರ ಕತ್ತು. ಪಟ್ಟದ ಗೊಂಬೆಗಳನ್ನು ಒಂದು ಮೆಟ್ಟಿಲು ಕೆಳಗಿಳಿಸಿದೆ. ನೆಲಕ್ಕೆ ಹುಲ್ಲು ಹರಡಿದೆ. ಬಾಗಿಲಿನಿಂದ ಮೆಟ್ಟಿಲಿನವರೆಗೆ ಗೋಣಿಚೀಲಗಳನ್ನು ಹೊಲಿದು ಸೊಂಟದೆತ್ತರದ ಸುರಂಗ ಮಾಡಿದೆ. ನೋಡಲು ಬರುವವರು ನಾಲ್ಕು ಕಾಲಿನ ಮೇಲೆ ಬರಬೇಕು. ಸುರಂಗದ ಕೊನೆಯಲ್ಲಿ ಒಂದು ಕನ್ನಡಿ, ಕನ್ನಡಿಯ ಮೇಲೆ ದನದ ಕತ್ತಿನ ಹಗ್ಗ ನೇತು ಹಾಕಿದೆ. ತಲೆ ಎತ್ತಿದವರಿಗೆ ತಮ್ಮ ಮುಖ ಆ ಹಗ್ಗದೊಳಗೆ ಕಾಣಬೇಕು. ಅವರು ಬೆಚ್ಚಿಬೀಳಬೇಕು.

ಪಾಡ್ಯದ ಬೆಳಿಗ್ಗೆ ಅಮ್ಮ ನಡುಮನೆಯ ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದಳು.

"ಈ ಹುಲ್ಲು ಯಾರು ಗುಡಿಸ್ತಾರೆ?" ಅಂದಳು.

ಸಾಯಂಕಾಲ ಜನ ಬಂದರು. ದಸರೆಯಲ್ಲಿ ಹೆಂಗಸರು ಗೊಂಬೆ ನೋಡಲು ರೇಷ್ಮೆ ಸೀರೆ ಉಟ್ಟು, ತಲೆ ತುಂಬ ಹೂ ಮುಡಿದು ಬರುತ್ತಾರೆ ಎಂಬುದನ್ನು ಮೂವತ್ತು ವರ್ಷ ಈ ಬೀದಿಯಲ್ಲಿ ಬದುಕಿದ ನಾನು ಮರೆತಿದ್ದೆ. ಐವತ್ತು ದಾಟಿದ, ಮಂಡಿನೋವಿನ ಹೆಂಗಸರು ಮದುವೆ ಸೀರೆಯಲ್ಲಿ ಗೋಣಿಚೀಲದೊಳಗೆ ಅಂಬೆಗಾಲಿಡುತ್ತಾರೆ ಎಂದು ನನ್ನ ಕಲ್ಪನೆ. ಅವರು ಸುರಂಗವನ್ನು ಒಮ್ಮೆ ನೋಡಿದರು, ನನ್ನನ್ನು ಒಮ್ಮೆ ನೋಡಿದರು, ಓಣಿಯಿಂದ ಸುತ್ತಿಕೊಂಡು ಹಿತ್ತಲ ಬಾಗಿಲಿನಿಂದ ಬಂದರು. ಅಲ್ಲಿಂದ ಬಂದರೆ ಮೊದಲು ಸಿಗುವುದು ಅಡುಗೆಮನೆ, ಹಾಗಾಗಿ ಎಷ್ಟೋ ವರ್ಷಗಳ ನಂತರ ಎಲ್ಲರೂ ಅಮ್ಮನನ್ನು ಮಾತನಾಡಿಸಿದರು. ಇಡೀ ಕಲಾಕೃತಿಯಿಂದ ಆದ ಒಂದು ಒಳ್ಳೆಯ ಕೆಲಸ ಅದು, ನಾನು ಉದ್ದೇಶಿಸಿದ್ದಲ್ಲ. ಕನ್ನಡಿಯ ಮುಂದೆ ನಿಂತು ಅವರು ಯಾರೂ ಬೆಚ್ಚಿಬೀಳಲಿಲ್ಲ. ಕುಂಕುಮ ಸರಿಮಾಡಿಕೊಂಡರು. ಕತ್ತಿನ ಹಗ್ಗ ಅಡ್ಡ ಬರುತ್ತದೆ ಎಂದು ಯಾರೋ ಅದನ್ನು ಪಕ್ಕಕ್ಕೆ ಸರಿಸಿ ಮೊಳೆಗೆ ಸಿಕ್ಕಿಸಿದರು.

"ಪ್ರಾಣಿದಯೆ ಮೇಲೆ ಮಾಡಿದಾನೆ" ಎಂದು ಎದುರುಮನೆಯವರು ಎಲ್ಲರಿಗೂ ವಿವರಿಸಿದರು. "ಸ್ಕೂಲ್ ಮೇಷ್ಟ್ರಲ್ವಾ, ಏನಾದ್ರೂ ನೀತಿ ಇಟ್ಟೇ ಇಟ್ಟಿರ್ತಾನೆ."

ಅವರೇ ಮೇಲಿನ ಮೆಟ್ಟಿಲು ತೋರಿಸಿ, "ಇವೆರಡು ಗಂಡ ಹೆಂಡ್ತಿನೇನಪ್ಪಾ?" ಎಂದು ನನ್ನನ್ನು ಕೇಳಿದರು.

ಅಡುಗೆಮನೆಯ ಬಾಗಿಲ ಹಿಂದೆ ಅಮ್ಮ ನಿಂತಿದ್ದಳು, ಅವಳ ಸೆರಗಿನ ಅಂಚು ನನಗೆ ಕಾಣುತ್ತಿತ್ತು. ಮೂರು ವಾರ ರಾತ್ರಿ ಹಗಲು ಕಾಗದ ಅರೆದದ್ದು ಈ ಪ್ರಶ್ನೆಗಾಗಿಯೇ. ಇಲ್ಲ ಅತ್ತೆ, ಎರಡೂ ಗಂಡು ಎಂದಿದ್ದರೆ ಸಾಕಿತ್ತು.

"ಹೂಂ" ಅಂದೆ.

"ಯಾವುದು ಹೆಂಡ್ತಿ?"

"ಎಡಗಡೆದು."

ಅವರು ತಕ್ಷಣ ಕುಂಕುಮದ ಬಟ್ಟಲು ತಂದು ಎಡಗಡೆ ಕತ್ತೆಯ ಹಣೆಗೆ ದೊಡ್ಡದಾಗಿ ಇಟ್ಟರು. ತಮ್ಮ ಜಡೆಯಿಂದಲೇ ಒಂದು ಗೇಣು ಮಲ್ಲಿಗೆ ಕಿತ್ತು ಅದರ ಕಿವಿಗೆ ಸುತ್ತಿದರು. ಮುತ್ತೈದೆ ಹೀಗೇ ಬರೀ ಹಣೆಯಲ್ಲಿ ಇರಬಾರದಂತೆ, ಕತ್ತೆಯಾದರೂ. ಮಾರನೆಯ ದಿನದಿಂದ ಬಂದ ಹೆಂಗಸರೆಲ್ಲ ಆ ಕತ್ತೆಗೆ ಅರಿಶಿನ ಕುಂಕುಮ ಕೊಟ್ಟೇ ಹೋದರು. ಐದನೇ ದಿನದ ಹೊತ್ತಿಗೆ ಅದರ ಮುಂದೆ ಎರಡು ರವಿಕೆ ಕಣ ಇದ್ದವು. ನಾನು ಪಕ್ಕದಲ್ಲೇ ನಿಂತು ಉಸಲಿ ಹಂಚಿದೆ.

ಅಮ್ಮನಿಗೂ ನನಗೂ ಮಾತ್ರ ಬೇರೊಂದು ಜಗಳ ನಡೆದಿತ್ತು, ಬಾಯಿಬಿಡದೆ. ಎರಡನೇ ದಿನ ಬೆಳಿಗ್ಗೆ ಎದ್ದು ನೋಡಿದರೆ ಪಟ್ಟದ ಗೊಂಬೆಗಳು ಮೇಲಿನ ಮೆಟ್ಟಿಲಿಗೆ ಹೋಗಿದ್ದವು, ಕತ್ತೆಗಳು ಕೆಳಗೆ. ನಾನು ಅದಲು ಬದಲು ಮಾಡಿದೆ. ಮೂರನೇ ದಿನ ಮತ್ತೆ ಅವಳು. ಮತ್ತೆ ನಾನು. ನಾಲ್ಕನೇ ದಿನ ನೋಡಿದರೆ ಮೇಲಿನ ಮೆಟ್ಟಿಲಿನಲ್ಲಿ ರಾಜ-ರಾಣಿಯರನ್ನು ಒಂದು ಪಕ್ಕಕ್ಕೆ ಒತ್ತರಿಸಿ, ಕತ್ತೆಗಳನ್ನು ಅದೇ ಮೆಟ್ಟಿಲಿನ ಇನ್ನೊಂದು ಪಕ್ಕಕ್ಕೆ ಇಟ್ಟಿದ್ದಳು. ಜಾಗ ಸಾಲದೆ ಒಂದು ಕತ್ತೆಯ ಹಿಂಗಾಲು ಹೊರಗೆ ಚಾಚಿತ್ತು, ಅದಕ್ಕೆ ಒಂದು ಮರದ ತುಂಡಿನ ಆಸರೆ ಕೊಟ್ಟಿದ್ದಳು. ನಾನು ಏನೂ ಕೇಳಲಿಲ್ಲ. ಕೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಸಮಯ ಸಿಗುವುದಿಲ್ಲ ಎಂದು ಎತ್ತಿಗೂ ತಿಳಿಯುತ್ತಿತ್ತು. ನಾನು ಮಾಡಿದ ಪ್ರಾಣಿಗಳಲ್ಲಿ ಎತ್ತು ಇರಲಿಲ್ಲ.

ವಿಜಯದಶಮಿ ಸಾಯಂಕಾಲ ಐದು ಗಂಟೆಗೆ ಕಾಂಪೌಂಡರ್ ಬಂದ. ಇಸ್ತ್ರಿ ಮಾಡಿದ ಶರ್ಟು ಹಾಕಿದ್ದ. ಆ ಸುರಂಗದೊಳಗೆ ನಾಲ್ಕು ಕಾಲಿನ ಮೇಲೆ ಪೂರ್ತಿ ಬಂದವನು ಅವನೊಬ್ಬನೇ. ದಿನವೂ ದನದ ಹೊಟ್ಟೆ ಕೆಳಗೆ ನುಸುಳುವವನಿಗೆ ಅದೇನು ಮಹಾ. ಎದ್ದು ನಿಂತು ಮಂಡಿಯ ಹುಲ್ಲು ಕೊಡವಿ ಸುತ್ತ ನೋಡಿದ. ನಾಯಿಯ ಕಣ್ಣಿನ ಗಾಯವನ್ನು ಹತ್ತಿರದಿಂದ ನೋಡಿ ತಲೆಯಾಡಿಸಿದ. ಆಮೇಲೆ ಮೇಲಿನ ಮೆಟ್ಟಿಲು ನೋಡಿದ.

"ಕೇಳಿದ್ಯಾ?" ಅಂದ.

ನಾನು ಕತ್ತೆಗಳ ಕಡೆ ಕೈ ತೋರಿಸಿದೆ. "ಹೇಳಿದೀನಲ್ಲ. ನೋಡು."

ಅವನು ನೋಡಿದ. ಹತ್ತು ದಿನದ ಕುಂಕುಮ ಎಡಗಡೆ ಕತ್ತೆಯ ಹಣೆಯಿಂದ ಮೂಗಿನವರೆಗೆ ಇಳಿದಿತ್ತು. ಕಿವಿಯಲ್ಲಿ ಆ ದಿನದ ತಾಜಾ ಮಲ್ಲಿಗೆ.

"ಇದ್ರಲ್ಲಿ ನಾನ್ಯಾವುದು? ಹೂ ಮುಡ್ಕೊಂಡಿರೋದಾ?"

"ಅದು ನಾನು ಇಟ್ಟಿದ್ದಲ್ಲ. ಎದುರುಮನೆಯವರು ಗಂಡ ಹೆಂಡ್ತಿನಾ ಅಂತ ಕೇಳಿದ್ರು."

"ನೀನೇನಂದೆ?"

ನಾನು ಕತ್ತೆಯ ಕಿವಿಯ ಮಲ್ಲಿಗೆ ಸರಿಮಾಡಿದೆ.

"ಹೂಂ ಅಂದಿರ್ತೀಯ" ಅಂದ. ಅವನಿಗೆ ಸಿಟ್ಟು ಬಂದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ, ಆವತ್ತೂ ದನಿ ಏರಲಿಲ್ಲ. "ಮೇಷ್ಟ್ರೇ, ನಾನು ದಿನಾ ಕತ್ತೆ ನೋಡೋನು. ಅವು ಹಂಗೆ ಯಾಕೆ ನಿಂತ್ಕೊಳ್ತವೆ ಗೊತ್ತಾ? ಒಂದರ ಬಾಲದಲ್ಲಿ ಇನ್ನೊಂದರ ಮುಖದ ಮೇಲಿರೋ ನೊಣ ಓಡಿಸ್ಕೊಳ್ಳೋಕೆ. ಒಂದಕ್ಕೊಂದು ಅಷ್ಟಾದ್ರೂ ಉಪಯೋಗಕ್ಕೆ ಬರ್ತವೆ." ಬಾಗಿಲ ಕಡೆ ತಿರುಗಿ, "ನಾಳೆ ಮಧ್ಯಾಹ್ನ ನಮ್ಮಣ್ಣ ಬರ್ತಾನೆ. ಏನ್ ಹೇಳ್ಲಿ?" ಎಂದು ಕೇಳಿದ.

ಇದಕ್ಕೆ ಸರಿಯಾದ ಉತ್ತರ ಎದೆಯೊಳಗೆ ಕೂಗಾಡುತ್ತಿತ್ತು. ಹೋಗಬೇಡ ಅನ್ನಬೇಕು. ನೀನಿಲ್ಲದೆ ನನ್ನ ಕೈಲಿ ಆಗುವುದಿಲ್ಲ ಅನ್ನಬೇಕು. ಗೋಡೆಯಾಚೆ ಎದುರುಮನೆಯವರ ದನಿ ಕೇಳಿಸುತ್ತಿತ್ತು.

"ನಿನ್ನಿಷ್ಟ" ಅಂದೆ.

ಅವನು ಬಂದ ದಾರಿಯಲ್ಲೇ, ಬಗ್ಗಿ, ಗೋಣಿಚೀಲದೊಳಗಿನಿಂದ ಹೊರಗೆ ಹೋದ. ಅವನ ಚಪ್ಪಲಿಯ ಸದ್ದು ಗೇಟಿನವರೆಗೂ ಕೇಳಿತು.

ಅಮ್ಮ ಅಡುಗೆಮನೆಯಿಂದ ಬಂದಳು. ಕೈಯಲ್ಲಿ ಅವನಿಗೆಂದು ಬಡಿಸಿದ್ದ ತಟ್ಟೆ ಇತ್ತು.

"ಎಲ್ಲಿ ಹೋದ? ತಿನ್ನದೇ ಹೋದ್ನಾ?"

"ಹೂಂ."

"ಯಾರನ್ನ ಏನು ಕೇಳ್ಬೇಕಿತ್ತು ನೀನು? ಅವನು ಕೇಳಿದ್ಯಾ ಅಂದದ್ದು ನನಗೆ ಕೇಳಿಸ್ತು, ನಾನು ಕಿವುಡಿ ಅಲ್ಲ."

"ನಿನ್ನನ್ನ. ಮಹಡಿ ರೂಮು ಅವನಿಗೆ."

"ಹತ್ತು ದಿನದಿಂದ ನಾನು ಇದೇ ಮನೇಲಿ ಇದೀನಿ" ಅಂದಳು. "ಅದನ್ನ ಹೇಳೋಕೆ ಈ ಮೂಕಪ್ರಾಣಿಗಳು ಯಾಕೋ? ನಿನಗೆ ಬಾಯಿಲ್ವಾ?"

ಆಗ ಹೇಳಿದೆ. ಧೈರ್ಯ ಬಂದು ಹೇಳಿದ್ದಲ್ಲ, ಹೇಳದಿದ್ದರೆ ಉಸಿರಾಡಲು ಆಗುತ್ತಿರಲಿಲ್ಲ, ಅದಕ್ಕೆ. "ಬಾಡಿಗೆಗೆ ಅಲ್ಲ ಅಮ್ಮ. ಅವನು ನನ್ನ ಜೊತೆ ಇರ್ಬೇಕು, ಕೊನೇವರೆಗೂ. ನನಗೆ ಮದುವೆ ಅಂದ್ರೂ ಸಂಸಾರ ಅಂದ್ರೂ ಅವನೇ. ಬೇರೆ ಆಗಲ್ಲ."

ಅಮ್ಮ ತಟ್ಟೆ ಕೆಳಗಿಟ್ಟು ಹುಲ್ಲಿನ ಮೇಲೆ ಕೂತಳು. ಸೀರೆಗೆ ಅಂಟಿದ ಹುಲ್ಲನ್ನು ಒಂದೊಂದೇ ಕಿತ್ತು ಪಕ್ಕಕ್ಕೆ ಹಾಕತೊಡಗಿದಳು. ನಾನು ಕಲ್ಪಿಸಿಕೊಂಡಿದ್ದ ಯಾವ ದೃಶ್ಯದಲ್ಲೂ ಅವಳು ಇಷ್ಟು ಸಣ್ಣಗೆ ಕಂಡಿರಲಿಲ್ಲ.

"ನನಗೆ ಇದು ಅರ್ಥ ಆಗಲ್ಲ" ಅಂದಳು ಕೊನೆಗೆ. "ಇಷ್ಟಾನೂ ಆಗಲ್ಲ. ಅದನ್ನ ನೀನು ತಿಳ್ಕೊಂಡಿರು. ಆದ್ರೆ ನಿಮ್ಮಪ್ಪ ಹೋದಾಗಿನಿಂದ ನಾನು ಹಬ್ಬಾನ ಬಾಗಿಲ ಸಂದಿಯಿಂದ ನೋಡ್ತಿದೀನಿ. ಅದು ಹೆಂಗಿರುತ್ತೆ ಅಂತ ನನಗೆ ಗೊತ್ತು. ಇನ್ನೊಬ್ಬರನ್ನ ಹಂಗೆ ನಿಲ್ಲಿಸೋ ಕೆಲಸ ನನ್ನ ಕೈಲಿ ಮಾಡಿಸ್ಬೇಡ." ಎದ್ದಳು, ತಟ್ಟೆ ತೆಗೆದುಕೊಂಡಳು. "ಹಬ್ಬದ ದಿನ ಒಬ್ಬನ್ನ ಹೊಟ್ಟೆಗೆ ಹಾಕದೆ ಕಳ್ಸಿದೀಯ. ನಾಳೆ ಹೋಗಿ ಕರ್ಕೊಂಡು ಬಾ."

ಒಳಗೆ ಹೋಗಿ ಪಾತ್ರೆ ಸದ್ದು ಮಾಡುತ್ತ ಅತ್ತಳು. ನಾನು ಹೊಸ್ತಿಲಿನ ಈಚೆ ನಿಂತು ಅದನ್ನು ಕೇಳಿಸಿಕೊಂಡೆ. ಆವತ್ತು ಚಿತ್ರ ಬರೆಯಬೇಕು ಅನ್ನಿಸಲಿಲ್ಲ.

ಮಾರನೆಯ ಬೆಳಿಗ್ಗೆ ಸ್ಕೂಲಿಗೆ ರಜೆ ಇತ್ತು, ದನದ ಆಸ್ಪತ್ರೆಗೆ ಇರಲಿಲ್ಲ. ನಾನು ಅಲ್ಲಿಗೆ ಅದೇ ಮೊದಲ ಸಲ ಹೋದದ್ದು. ಕೌಂಟರಿನ ಮುಂದೆ ದೊಡ್ಡ ಸಾಲು. ನನ್ನ ಮುಂದೆ ಕೋಳಿಯನ್ನು ಕಂಕುಳಲ್ಲಿ ಇಟ್ಟುಕೊಂಡ ಒಬ್ಬ ಹೆಂಗಸು, ಹಿಂದೆ ಎಮ್ಮೆ ಹಿಡಿದ ಒಬ್ಬ ಗೌಳಿ. ಆ ಸಾಲಿನಲ್ಲಿ ಪ್ರಾಣಿ ಇಲ್ಲದೆ ಬಂದವನು ನಾನೊಬ್ಬನೇ. ಎಮ್ಮೆ ನನ್ನ ಶರ್ಟಿನ ಬೆನ್ನನ್ನು ನೆಕ್ಕುತ್ತಿತ್ತು. ಅರ್ಧ ಗಂಟೆ ನಾನು ವಾಕ್ಯಗಳನ್ನು ಉರು ಹೊಡೆದೆ, ಕೌಂಟರಿಗೆ ಬರುವಷ್ಟರಲ್ಲಿ ಎಲ್ಲವೂ ಮರೆತುಹೋಗಿದ್ದವು.

ಕಾಂಪೌಂಡರ್ ತಲೆ ಬಗ್ಗಿಸಿ ಚೀಟಿ ಬರೆಯುತ್ತಿದ್ದ. ನೋಡದೆಯೇ ಕೇಳಿದ, "ಏನ್ ಪ್ರಾಣಿ?"

"ನಾನೇ" ಅಂದೆ.

ಅವನ ಪೆನ್ನು ನಿಂತಿತು. ತಲೆ ಎತ್ತಿದ. ಕಣ್ಣು ಕೆಂಪಾಗಿದ್ದವು. "ಇಲ್ಲಿ ಮನುಷ್ಯರನ್ನ ನೋಡಲ್ಲ."

"ಅಮ್ಮನ್ನ ಕೇಳ್ದೆ."

"ಏನಂತ ಕೇಳ್ದೆ?"

ಅವನು ಬೇಕೆಂದೇ ಕೇಳಿದ, ಅಷ್ಟು ಜನರ ಮುಂದೆ. ಅದು ನನಗೆ ಸಲ್ಲಬೇಕಾದದ್ದೇ.

"ರೂಮು ಬಾಡಿಗೆಗೆ ಅಲ್ಲ ಅಂತ. ನೀನು ಯಾವಾಗ್ಲೂ ನನ್ನ ಜೊತೆ ಇರ್ಬೇಕು ಅಂತ. ನನಗೆ ಸಂಸಾರ ಅಂದ್ರೆ ನೀನೇ ಅಂತ."

ಮಾತು ಬೇಕಾದ್ದಕ್ಕಿಂತ ಗಟ್ಟಿಯಾಗಿ ಬಂತು. ಗೌಳಿಗೆ ಕೇಳಿಸಿತು. ಪಕ್ಕಕ್ಕೆ ಸರಿದು ನಿಂತಿದ್ದ ಕೋಳಿಯ ಹೆಂಗಸಿಗೂ ಕೇಳಿಸಿತು. ಅವಳು ನಮ್ಮಿಬ್ಬರನ್ನೂ ಒಮ್ಮೆ ನೋಡಿ ಕೋಳಿಯನ್ನು ಬಲಗಡೆಯ ಕಂಕುಳಿನಿಂದ ಎಡಗಡೆಗೆ ಬದಲಾಯಿಸಿಕೊಂಡಳು. ಮೂವತ್ತು ವರ್ಷ ನಾನು ಹೆದರಿಕೊಂಡು ಕಾದಿದ್ದ ಪ್ರಳಯ ಅಷ್ಟೇ.

"ಏನಂದ್ರು?"

"ಇಷ್ಟ ಇಲ್ಲ ಅಂದ್ಳು. ಕರ್ಕೊಂಡು ಬಾ ಅಂದ್ಳು."

ಗೌಳಿ ಹಿಂದಿನಿಂದ, "ಬೇಗ ಮುಗಿಸ್ರಣ್ಣ, ಎಮ್ಮೆ ನಿಲ್ತಿಲ್ಲ" ಅಂದ.

ಕಾಂಪೌಂಡರ್ ಚೀಟಿಯ ಪುಸ್ತಕದ ಹಾಳೆ ಮಗುಚಿದ. ಆಮೇಲೆ ಗೋಡೆ ಪಕ್ಕದ ಬೆಂಚು ತೋರಿಸಿದ. "ಅಲ್ಲಿ ಕೂತ್ಕೊ. ಹನ್ನೆರಡೂವರೆಗೆ ಡ್ಯೂಟಿ ಮುಗಿಯುತ್ತೆ. ಒಂದು ಗಂಟೆಗೆ ನಮ್ಮಣ್ಣ ಬರ್ತಾನೆ, ಅವನಿಗೆ ಹೇಳುವಾಗ ನೀನೂ ಇರು."

ಹೋಗಿ ಕೂತೆ. ಅವನು ಎಮ್ಮೆಗೆ ಚೀಟಿ ಬರೆದುಕೊಟ್ಟ, ಒಂದು ಮೇಕೆಗೆ ಬರೆದುಕೊಟ್ಟ. ನನ್ನ ಕಡೆ ತಿರುಗದೆಯೇ, ಬರೆಯುತ್ತಲೇ ಹೇಳಿದ.

"ಇನ್ಮೇಲೆ ನಮ್ಮಣ್ಣನ ತರಕಾರಿ ಗಾಡಿ ಕೇಳೋಕಾಗಲ್ಲ ಮೇಷ್ಟ್ರೇ. ನನ್ನ ಸಾಮಾನು ತರೋಕೆ ಬೇರೆ ಗಾಡಿ ನೋಡ್ಬೇಕು."

"ನೋಡ್ತೀನಿ" ಅಂದೆ.